ಓಮ್ನಿ, ಈಕೋ ವ್ಯಾನನ್ನು ಮಲಗುವ ಕ್ಯಾಂಪರ್ ಮಾಡಬಹುದೇ? ವಿಡಿಯೊಗಳು ಹೇಳದ ಗಾಳಿ, ಬೆಂಕಿ, ಬ್ಯಾಟರಿಯ ಲೆಕ್ಕ

ಹಳೆಯ ಓಮ್ನಿಯೊಳಗೆ ಹಾಸಿಗೆ, ಅದರ ಪಕ್ಕದಲ್ಲೇ ಗ್ಯಾಸ್ ಒಲೆ, ಮೇಲೆ ಸೋಲಾರ್ ಫಲಕ, ಮೂಲೆಯಲ್ಲೊಂದು ಪುಟ್ಟ ಫ್ರಿಜ್. "ಹೋಟೆಲ್ ಖರ್ಚೇ ಬೇಡ, ಇಡೀ ಭಾರತ ಸುತ್ತಿ" ಎಂಬ ಸಾಲಿನೊಂದಿಗೆ ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಡಲು ಚೆನ್ನಾಗಿರುತ್ತದೆ. ಮನೆಯ ಮುಂದೆ ಒಂದು ವ್ಯಾನ್ ನಿಂತಿದ್ದರೆ ನಾವೂ ಯಾಕೆ ಮಾಡಬಾರದು ಅನ್ನಿಸುತ್ತದೆ.

ಮಾಡಬಹುದೇ? ಚಿಕ್ಕ ಉತ್ತರ: ಹೌದು. ಒಂದೆರಡು ರಾತ್ರಿ ಮಲಗಲು ಸಾಕಾಗುವಷ್ಟು ಸರಳ ಕ್ಯಾಂಪರ್ ಮಾಡಿಕೊಳ್ಳುವುದು ಕಷ್ಟವಲ್ಲ. ಆದರೆ ವಿಡಿಯೊಗಳು ಮರಗೆಲಸಕ್ಕೆ ಹತ್ತು ನಿಮಿಷ ಕೊಟ್ಟು, ಗಾಳಿಗೆ ಹತ್ತು ಸೆಕೆಂಡೂ ಕೊಡುವುದಿಲ್ಲ. ಹಾಸಿಗೆ ಸ್ವಲ್ಪ ಓರೆಯಾದರೆ ಬೆನ್ನು ನೋಯುತ್ತದೆ, ಅಷ್ಟೇ. ಗಾಳಿ, ಬೆಂಕಿಯ ಲೆಕ್ಕ ತಪ್ಪಿದರೆ ಬೆಳಿಗ್ಗೆ ಏಳುವುದೇ ಅನುಮಾನ. ಆದ್ದರಿಂದ ಇಲ್ಲಿ ಮರಗೆಲಸವನ್ನು ಚಿಕ್ಕದಾಗಿ ಮುಗಿಸಿ, ಉಳಿದದ್ದನ್ನು ವಿವರವಾಗಿ ನೋಡೋಣ.

ಮೊದಲು ವ್ಯಾನನ್ನು ಅರ್ಥ ಮಾಡಿಕೊಳ್ಳಿ

ನಮ್ಮಲ್ಲಿ ಮಿನಿವ್ಯಾನ್ ಎಂದೊಡನೆ ನೆನಪಾಗುವುದು ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಈ 796 ಸಿಸಿ ವಾಹನ ಶಾಲಾ ವ್ಯಾನ್, ಆಂಬುಲೆನ್ಸ್, ತರಕಾರಿ ಗಾಡಿ ಎಲ್ಲವೂ ಆಗಿ 2019ರವರೆಗೆ ತಯಾರಾಯಿತು. ಅದೇ ಮಾದರಿಯ ಈಕೋ 2010ರಲ್ಲಿ ಬಂದು ಈಗಲೂ ಮಾರಾಟದಲ್ಲಿದೆ. ಈಕೋದ ಉದ್ದ 3,675 ಮಿಲಿಮೀಟರ್, ಅಗಲ 1,475 ಮಿಲಿಮೀಟರ್.

ಇದು ಹೊರಗಿನ ಅಳತೆ. ಬಾಗಿಲಿನ ದಪ್ಪ, ಚಕ್ರದ ಮೇಲಿನ ಉಬ್ಬು, ಮುಂದಿನ ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಕಳೆದರೆ ಮಲಗಲು ಸಿಗುವ ಜಾಗ ತುಂಬಾ ಕಡಿಮೆ. ಆರು ಅಡಿ ಎತ್ತರದವರಿಗೆ 183 ಸೆಂಟಿಮೀಟರ್ ನೇರ ಜಾಗ ಬೇಕು. ಹಾಗಾಗಿ ಪ್ಲೈವುಡ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ. ಒಳಗೆ ಹಳೆಯ ರಟ್ಟು ಹಾಸಿ, ಅದರ ಮೇಲೆ ಮಲಗಿ, ಮಗ್ಗುಲು ಬದಲಿಸಿ ನೋಡಿ. ಉದ್ದ ಸಾಲದಿದ್ದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬೇಕಾಗುತ್ತದೆ. ಆಗ ಅದು ಒಬ್ಬರ ಕ್ಯಾಂಪರ್, ಇಬ್ಬರದಲ್ಲ.

ಓಮ್ನಿ ಮತ್ತು ಈಕೋ ಎರಡರಲ್ಲೂ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಂಪನಿಯಿಂದಲೇ ಸಿಎನ್‌ಜಿ ಬಂದಿರುವ ಈಕೋದಲ್ಲಿ ಸಿಲಿಂಡರ್ ಹಿಂಭಾಗದ ಜಾಗ ತಿನ್ನುತ್ತದೆ. ಅದನ್ನು ಸರಿಸುವುದು, ಕಳಚುವುದು, ಹಲಗೆ ಹೊಡೆದು ಮುಚ್ಚುವುದು ಯಾವುದನ್ನೂ ಮಾಡಬಾರದು. ಅದರ ವಾಲ್ವ್ ಯಾವಾಗಲೂ ಕೈಗೆ ಸಿಗುವಂತಿರಬೇಕು.

ಹಿಂದಿನ ಸೀಟುಗಳು ಮಡಚಿ ಸಮತಟ್ಟಾಗುವ ಎರ್ಟಿಗಾದಂಥ ವಾಹನ ನಿಮ್ಮಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ಸೀಟು ಮಡಚಿ, ಉಬ್ಬುತಗ್ಗುಗಳ ಮೇಲೆ ಹಲಗೆ ಇಟ್ಟು, ಹಾಸಿಗೆ ಹಾಕಿದರೆ ಆಯಿತು.

"ನನ್ನ ಗಾಡಿ, ನನ್ನಿಷ್ಟ" ಎನ್ನುವಂತಿಲ್ಲ

ಹೆಚ್ಚಿನ ವಿಡಿಯೊಗಳು ಕಾನೂನಿನ ಮಾತನ್ನೇ ಎತ್ತುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ, ಅನುಮತಿಯಿಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ವಿಧಿಸಲು ಅವಕಾಶ ಬಂತು.

ಆಸನಗಳ ಸಂಖ್ಯೆ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಸೀಟು ಕಳಚಿ, ನೆಲಕ್ಕೆ ಬೋಲ್ಟ್ ಹಾಕಿ ಶಾಶ್ವತ ಮಂಚ ಕೂರಿಸಿದರೆ ದಾಖಲೆಗೂ ವಾಹನಕ್ಕೂ ತಾಳೆ ಬೀಳುವುದಿಲ್ಲ. ಛಾವಣಿ ಕತ್ತರಿಸಿ ಎತ್ತರಿಸುವುದು, ಬಾಡಿಯಲ್ಲಿ ಹೊಸ ಕಿಟಕಿ ಕೊರೆಯುವುದು ಇನ್ನೂ ದೊಡ್ಡ ಬದಲಾವಣೆಗಳು. ಇಂಥದ್ದನ್ನು ಮಾಡಲೇಬೇಕಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಲಿಖಿತ ಅನುಮತಿ ಪಡೆಯಿರಿ. ವಿಮಾ ಕಂಪನಿಗೂ ತಿಳಿಸಿ. ತಿಳಿಸದೆ ಮಾಡಿದ ಬದಲಾವಣೆಯನ್ನೇ ಕಾರಣ ಮಾಡಿ ಅಪಘಾತದ ನಂತರ ಕ್ಲೇಮ್ ತಿರಸ್ಕರಿಸಬಹುದು.

ಹಾಗಾದರೆ ಸಾಮಾನ್ಯ ಜನ ಏನು ಮಾಡಬೇಕು? ಕಳಚಿ ಇಡಬಹುದಾದ ಸಾಮಗ್ರಿ ಮಾಡಿಕೊಳ್ಳಬೇಕು. ಇದು ಹೊಸ ಉಪಾಯವೇನಲ್ಲ. 1950ರ ದಶಕದ ಆರಂಭದಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿಗೆಂದು ಮಾಡಿದ 'ಕ್ಯಾಂಪಿಂಗ್ ಬಾಕ್ಸ್' ಹೀಗೇ ಇತ್ತು. ವಾರವಿಡೀ ವ್ಯಾನ್ ಸಾಮಾನು ಸಾಗಿಸುತ್ತಿತ್ತು, ರಜೆಯ ದಿನ ಪೆಟ್ಟಿಗೆ ಒಳಗಿಟ್ಟರೆ ಹಾಸಿಗೆ ಸಿದ್ಧ. ಸೋಮವಾರ ಪೆಟ್ಟಿಗೆ ಹೊರಗೆ. ಗಾಡಿಗೆ ಒಂದು ತೂತೂ ಕೊರೆಯದ ಈ ದಾರಿಯೇ ನಮ್ಮ ರಸ್ತೆ, ನಮ್ಮ ಕಾನೂನು, ನಮ್ಮ ಜೇಬಿಗೂ ಒಪ್ಪುತ್ತದೆ.

ಹಾಸಿಗೆ: ಗಟ್ಟಿಗಿಂತ ಹಗುರ ಮುಖ್ಯ

ಐದು ಆಸನದ ವಾಹನವನ್ನು ಸುಮಾರು ಐದು ಜನರ ಭಾರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಒಬ್ಬರಿಗೆ 65 ಕೆಜಿಯಂತೆ ಅದು 325 ಕೆಜಿ. ಇಬ್ಬರು ಹೊರಟರೆ ಸುಮಾರು 195 ಕೆಜಿ ಉಳಿಯುತ್ತದೆ. ನಿಖರ ಮಿತಿ ನಿಮ್ಮ ಗಾಡಿಯ ಕೈಪಿಡಿಯಲ್ಲಿದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ 18 ಮಿಲಿಮೀಟರ್ ಪ್ಲೈವುಡ್ ಒಂದೇ ಹಾಳೆ ಸುಮಾರು 30 ಕೆಜಿ ತೂಗುತ್ತದೆ. 12 ಮಿಲಿಮೀಟರ್ ಆದರೆ 20 ಕೆಜಿಯ ಆಸುಪಾಸು. ಕೆಳಗೆ ಅಡ್ಡಪಟ್ಟಿಗಳಿದ್ದರೆ 12 ಮಿಲಿಮೀಟರ್ ಹಲಗೆಯೇ ಸಾಕು. 20 ಲೀಟರ್ ನೀರಿನ ಕ್ಯಾನ್ ಎಂದರೆ ಇನ್ನೊಂದು 20 ಕೆಜಿ. ಹೀಗೆ ಕೂಡುತ್ತಾ ಹೋದರೆ 195 ಕೆಜಿ ಎಷ್ಟು ಬೇಗ ತುಂಬುತ್ತದೆ ಎಂದು ತಿಳಿಯುತ್ತದೆ. ಭಾರ ಹೆಚ್ಚಿದಷ್ಟೂ ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕು. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಇದು ಅನುಭವಕ್ಕೆ ಬರುತ್ತದೆ.

ಹಲಗೆಯನ್ನು ಒಂದೇ ತುಂಡಾಗಿ ಮಾಡಬೇಡಿ. ಎರಡು ಮೂರು ತುಂಡುಗಳಿಗೆ ಕೀಲು ಹಾಕಿ ಮಡಚುವಂತೆ ಮಾಡಿ. ಕೆಳಗೆ ಪೆಟ್ಟಿಗೆಯಾಕಾರದ ಕಾಲುಗಳಿದ್ದರೆ ಬಟ್ಟೆ, ಪಾತ್ರೆ ಇಡಲು ಜಾಗವೂ ಆಗುತ್ತದೆ. ಮೇಲೆ ಎರಡರಿಂದ ಮೂರು ಇಂಚಿನ ಫೋಮ್ ಸಾಕು.

ಈಗ ಮುಖ್ಯ ಮಾತು. ಒಳಗಿಟ್ಟ ಪ್ರತಿಯೊಂದನ್ನೂ ಕಟ್ಟಲೇಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಗಾಡಿ ಗುದ್ದಿ ನಿಂತರೆ, ಕಟ್ಟದ ವಸ್ತು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದ ವಸ್ತುವಿಗೆ ಇರುವಷ್ಟೇ ವೇಗವಿದು. ಮೂರನೇ ಮಹಡಿಯಿಂದ 5 ಕೆಜಿಯ ಕುಕ್ಕರ್ ತಲೆಯ ಮೇಲೆ ಬಿದ್ದಂತೆ ಎಂದುಕೊಳ್ಳಿ. ಬಕಲ್ ಇರುವ ಬೆಲ್ಟುಗಳಿಂದ ಹಲಗೆ, ಪೆಟ್ಟಿಗೆ, ನೀರಿನ ಕ್ಯಾನನ್ನು ಬಿಗಿಯಿರಿ. ಇದೇ ಕಾರಣಕ್ಕೆ ಗಾಡಿ ಓಡುತ್ತಿರುವಾಗ ಯಾರೂ, ಮುಖ್ಯವಾಗಿ ಮಕ್ಕಳು, ಹಾಸಿಗೆಯ ಮೇಲೆ ಮಲಗಬಾರದು. ಸೀಟ್ ಬೆಲ್ಟ್ ಇರುವ ಆಸನ ಎಷ್ಟಿದೆಯೋ ಅಷ್ಟೇ ಜನರ ಪ್ರಯಾಣ.

ನಂಬಿಕೆ 1: "ಗಾಜು ಮುಚ್ಚಿ ಮಲಗಿದರೆ ಆಮ್ಲಜನಕ ಖಾಲಿಯಾಗಿ ಸಾಯುತ್ತಾರೆ"

ಇದರಲ್ಲಿ ಅರ್ಧ ಸತ್ಯವಿದೆ. ವ್ಯಾನಿನೊಳಗೆ ಸುಮಾರು 4,000 ಲೀಟರ್ ಗಾಳಿ ಇದೆ ಎಂದುಕೊಳ್ಳೋಣ. ಅದರಲ್ಲಿ ಆಮ್ಲಜನಕ ಶೇ 21, ಅಂದರೆ 840 ಲೀಟರ್. ಮಲಗಿರುವ ಒಬ್ಬ ವ್ಯಕ್ತಿ ನಿಮಿಷಕ್ಕೆ ಸುಮಾರು ಕಾಲು ಲೀಟರ್ ಬಳಸುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ 240 ಲೀಟರ್. ಅಂದರೆ ಎಲ್ಲೂ ಸಂದಿಲ್ಲದ ಡಬ್ಬಿಯಲ್ಲಿ ಮಲಗಿದರೂ ಆಮ್ಲಜನಕ ಒಂದು ರಾತ್ರಿಯಲ್ಲಿ 'ಖಾಲಿ' ಆಗುವುದಿಲ್ಲ. ಓಮ್ನಿ, ಈಕೋಗಳ ಬಾಗಿಲ ಸಂದಿಗಳಿಂದ ಸ್ವಲ್ಪವಾದರೂ ಗಾಳಿ ಬರುತ್ತಲೇ ಇರುತ್ತದೆ.

ಹಾಗೆಂದು ಗಾಜು ಪೂರ್ತಿ ಮುಚ್ಚಿ ಮಲಗುವುದು ಸರಿಯೇ? ಅಲ್ಲ. ಆಮ್ಲಜನಕ ಕಡಿಮೆಯಾಗುವುದಕ್ಕಿಂತ ಮೊದಲು ನಾವು ಬಿಡುವ ಇಂಗಾಲದ ಡೈಆಕ್ಸೈಡ್ ತೊಂದರೆ ಕೊಡುತ್ತದೆ. ಇಬ್ಬರಿಂದ ಗಂಟೆಗೆ ಸುಮಾರು 24 ಲೀಟರ್ ಬರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇ 0.04ರಷ್ಟು ಮಾತ್ರ. ಗಾಳಿಯಾಡದ ಪೆಟ್ಟಿಗೆಯಲ್ಲಾದರೆ ಪ್ರತಿ ಗಂಟೆಗೆ ಶೇ 0.6ರಷ್ಟು ಏರುತ್ತಾ ಹೋಗುತ್ತದೆ. ಬೆಳಿಗ್ಗೆ ತಲೆನೋವು, ಮಂಕು, ಸುಸ್ತಿಗೆ ಇಷ್ಟು ಸಾಕು. ಜೊತೆಗೆ ಉಸಿರು ಮತ್ತು ಬೆವರಿನ ತೇವಾಂಶ ಗಾಜಿನ ಮೇಲೆ ನೀರಾಗಿ ಇಳಿದು ಹಾಸಿಗೆ ಒದ್ದೆಯಾಗುತ್ತದೆ, ಬೂಷ್ಟು ಹಿಡಿಯುತ್ತದೆ.

ಪರಿಹಾರ ಸುಲಭ. ಎದುರುಬದುರಿನ ಎರಡು ಕಿಟಕಿಗಳನ್ನು ಒಂದೆರಡು ಇಂಚು ತೆರೆದಿಡಿ. ಒಂದೇ ಕಿಟಕಿ ತೆರೆದರೆ ಗಾಳಿ ಓಡಾಡುವುದಿಲ್ಲ. ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಇನ್ನೊಂದು ಬೇಕು. ಕಿಟಕಿಗೆ ಹೊರಗಿನಿಂದ ಸೊಳ್ಳೆಪರದೆ ಬಟ್ಟೆಯನ್ನು ಆಯಸ್ಕಾಂತದಿಂದ ಅಂಟಿಸಬಹುದು. ಮಳೆ ನೀರು ಒಳಬರದಂತೆ ಗಾಜಿನ ಮೇಲಂಚಿಗೆ ಸಿಗುವ ಮಳೆ ತಡೆ ಪಟ್ಟಿ ಹಾಕಿಕೊಳ್ಳಬಹುದು.

ನಂಬಿಕೆ 2: "ಎಂಜಿನ್ ಚಾಲೂ ಇಟ್ಟು ಎಸಿ ಹಾಕಿದರೆ ಆಯಿತು, ಕಿಟಕಿ ಸ್ವಲ್ಪ ತೆರೆದಿದ್ದರೆ ಅಪಾಯವಿಲ್ಲ"

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಎಂಜಿನ್ ಓಡುವಾಗ ಹೊಗೆ ಕೊಳವೆಯಿಂದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸುತ್ತಲೂ ಆಮ್ಲಜನಕ ಇದ್ದರೂ ರಕ್ತಕ್ಕೆ ಅದನ್ನು ಹೊರಲು ಜಾಗವಿರುವುದಿಲ್ಲ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬರುತ್ತದೆ. ಮಲಗಿದ್ದವರಿಗೆ ಈ ಮುನ್ಸೂಚನೆಯೂ ತಿಳಿಯುವುದಿಲ್ಲ, ನಿದ್ದೆಯೇ ಪ್ರಜ್ಞಾಹೀನತೆಯಾಗಿ ಬದಲಾಗುತ್ತದೆ.

ಹೊಗೆ ಹಿಂದೆ ಹೋಗುತ್ತದಲ್ಲ, ಒಳಗೆ ಹೇಗೆ ಬರುತ್ತದೆ? ಗಾಡಿ ಓಡುವಾಗ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ನಿಂತಾಗ ಹಾಗಾಗುವುದಿಲ್ಲ. ಹಿಂದೆ ಗೋಡೆಯೋ ಪೊದೆಯೋ ಇದ್ದರೆ ಹೊಗೆ ಗಾಡಿಯ ಕೆಳಗೇ ಸುತ್ತುತ್ತದೆ. ಹಳೆಯ ಗಾಡಿಯ ಸೈಲೆನ್ಸರ್‌ನಲ್ಲಿ ತುಕ್ಕಿನ ತೂತು, ನೆಲದ ತಗಡಿನಲ್ಲಿ ಸಂದಿ, ಸರಿಯಾಗಿ ಕೂರದ ಹಿಂಬಾಗಿಲಿನ ರಬ್ಬರ್, ಯಾವುದಾದರೊಂದು ಸಾಕು. ಓಮ್ನಿ, ಈಕೋದಲ್ಲಿ ಎಂಜಿನ್ ಇರುವುದೇ ಸೀಟಿನ ಕೆಳಗೆ ಎಂಬುದನ್ನು ನೆನಪಿಸಿಕೊಳ್ಳಿ. ಇನ್ನು ಕಿಟಕಿ ಸ್ವಲ್ಪ ತೆರೆದಿಡುವುದು ಇದಕ್ಕೆ ರಕ್ಷಣೆಯಲ್ಲ. ಗಾಳಿ ಬೀಸುವ ದಿಕ್ಕು ನೋಡಿಕೊಂಡು ಅದೇ ಕಿಟಕಿಯಿಂದ ಹೊಗೆ ಒಳಗೂ ಬರಬಹುದು.

ಇದು ಹೆದರಿಸಲು ಹೇಳುವ ಕತೆಯಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಎಸಿಗಾಗಿ ಓಡಿಸಿದ್ದ ಜನರೇಟರಿನಿಂದ ಬಂದ ಕಾರ್ಬನ್ ಮಾನಾಕ್ಸೈಡ್, ನೆಲದಲ್ಲಿದ್ದ ತೂತಿನ ಮೂಲಕ ಒಳಗೆ ತುಂಬಿತ್ತು ಎಂದು ತಜ್ಞರ ಪರೀಕ್ಷೆಯಲ್ಲಿ ಕಂಡುಬಂತು. ಅದು ಮಲಗಲೆಂದೇ ಮಾಡಿದ್ದ ವಾಹನ. ನಮ್ಮ ಮನೆಯ ಓಮ್ನಿಯ ಪಾಡೇನು, ಯೋಚಿಸಿ.

ಆದ್ದರಿಂದ ನಿಯಮ ಒಂದೇ: ಮಲಗುವ ಮೊದಲು ಎಂಜಿನ್ ಬಂದ್. ಪಕ್ಕದಲ್ಲಿ ಜನರೇಟರ್ ಬೇಡ. ಎಂಜಿನ್ ಚಾಲೂ ಇಟ್ಟ ಇನ್ನೊಂದು ಗಾಡಿಯ ಹಿಂದೆ ನಿಲ್ಲಿಸಿ ಮಲಗುವುದೂ ಬೇಡ. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ಮಲಗುವ ತಲೆಯ ಮಟ್ಟದಲ್ಲಿ ಇಟ್ಟುಕೊಳ್ಳಿ. ಹೊಗೆ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ನೋಡಿ ಕೊಳ್ಳಿ.

ಯಾರಿಗಾದರೂ ಒಳಗಿದ್ದಾಗ ತಲೆನೋವು, ವಾಕರಿಕೆ ಬಂದರೆ ತಕ್ಷಣ ಬಾಗಿಲು ತೆರೆದು ಹೊರಗೆ ಕರೆತನ್ನಿ, 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ "98 ಇದೆ, ಏನೂ ಆಗಿಲ್ಲ" ಎಂದು ಸುಮ್ಮನಾಗಬೇಡಿ. ಸಾಮಾನ್ಯ ಆಕ್ಸಿಮೀಟರಿಗೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವೂ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಡುವುದೇ ಇದಕ್ಕೆ ಚಿಕಿತ್ಸೆ. ಮೊಸರು, ನಿಂಬೆರಸ, ಕಾಫಿಗಳಿಂದ ಇದು ಇಳಿಯುವುದಿಲ್ಲ.

ನಂಬಿಕೆ 3: "ಬಾಗಿಲು ತೆರೆದಿಟ್ಟು ಒಳಗೇ ಅಡುಗೆ ಮಾಡಬಹುದು"

ವಿಡಿಯೊಗಳಲ್ಲಿ ಹಾಸಿಗೆಯ ಪಕ್ಕದಲ್ಲೇ ಒಗ್ಗರಣೆ ಸಿಡಿಯುತ್ತಿರುತ್ತದೆ. ಸಣ್ಣ ವ್ಯಾನಿನಲ್ಲಿ ಇದನ್ನು ಮಾಡಲೇಬಾರದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ, ಹಾಸಿಗೆಯ ಕೆಳಗಿನ ಪೆಟ್ಟಿಗೆಗಳಲ್ಲಿ ನೀರಿನಂತೆ ತುಂಬಿ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದಿದ್ದರೂ ಕೆಳಗಿನದ್ದು ಹೋಗದು. ಒಂದು ಸ್ವಿಚ್ಚಿನ ಕಿಡಿ ಸಾಕು. ಫೋಮ್ ಹಾಸಿಗೆ, ಪರದೆ, ಪ್ಲೈವುಡ್, ಕೆಳಗೆ ಪೆಟ್ರೋಲ್ ಟ್ಯಾಂಕ್ ಎಲ್ಲವೂ ಕೈಗೆಟುಕುವ ದೂರದಲ್ಲಿವೆ.

ಅಡುಗೆ ಹೊರಗೆ, ಗಾಡಿಯಿಂದ ಕೆಲವು ಹೆಜ್ಜೆ ದೂರ, ಗಾಳಿ ಬೀಸುವ ದಿಕ್ಕು ನೋಡಿಕೊಂಡು. ಚಿಕ್ಕ ಕ್ಯಾನಿಸ್ಟರ್ ಒಲೆ ಸಾಕು, ಆರಿದ ನಂತರ ಕ್ಯಾನಿಸ್ಟರ್ ಕಳಚಿಡಿ, ಬಿಸಿಲಿಗೆ ಕಾದ ಗಾಡಿಯೊಳಗೆ ಬಿಡಬೇಡಿ. ಬಾಗಿಲಿನ ಹತ್ತಿರ ಒಂದು ಕೆಜಿಯ ಡ್ರೈ ಪೌಡರ್ ಅಗ್ನಿಶಾಮಕ ಇರಲಿ.

ಚಳಿಗೆಂದು ಇದ್ದಿಲ ಒಲೆ, ಬಾರ್ಬೆಕ್ಯೂ ಕೆಂಡವನ್ನು ಒಳಗೆ ತರಬೇಡಿ. ಹೊಗೆ ನಿಂತ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಮಡಿಕೇರಿಯ ಡಿಸೆಂಬರ್ ಚಳಿಗೆ ಇನ್ನೊಂದು ರಗ್ಗು ಸಾಕು. ಸೊಳ್ಳೆ ಬತ್ತಿಯೂ ಒಳಗೆ ಬೇಡ. ಒಂದು ಬತ್ತಿ ಪೂರ್ತಿ ಉರಿದರೆ ಅದರ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಪರದೆಯೇ ಒಳ್ಳೆಯದು.

ನಂಬಿಕೆ 4: "ಒಳಗೆಲ್ಲ ಥರ್ಮೋಕೋಲ್ ಹಚ್ಚಿದರೆ ಎಸಿಯಂತೆ ತಂಪು"

ಥರ್ಮೋಕೋಲ್ ಶಾಖ ತಡೆಯುತ್ತದೆ, ತಂಪು ಹುಟ್ಟಿಸುವುದಿಲ್ಲ. ಹೊರಗಿನ ಶಾಖ ಒಳಬರುವುದನ್ನು ನಿಧಾನ ಮಾಡಿದಂತೆಯೇ ಒಳಗಿನ ಶಾಖ ಹೊರಹೋಗುವುದನ್ನೂ ನಿಧಾನ ಮಾಡುತ್ತದೆ. ಮಲಗಿರುವ ಒಬ್ಬ ವ್ಯಕ್ತಿಯ ದೇಹ ಸುಮಾರು 75 ವ್ಯಾಟ್ ಶಾಖ ಬಿಡುತ್ತದೆ. ಇಬ್ಬರು ಎಂದರೆ ಹಳೆಯ ಕಾಲದ ಎರಡು ಬಲ್ಬುಗಳನ್ನು ರಾತ್ರಿಯಿಡೀ ಉರಿಸಿದಂತೆ. ಗಾಳಿಯಾಡದಿದ್ದರೆ ಥರ್ಮೋಕೋಲ್ ಹಚ್ಚಿದ ವ್ಯಾನ್ ಫ್ಲಾಸ್ಕ್ ಆಗುತ್ತದೆ. ಮೇಲಾಗಿ ಸಾಮಾನ್ಯ ಥರ್ಮೋಕೋಲ್ ಬೇಗ ಹೊತ್ತಿಕೊಂಡು ವಿಷಕಾರಿ ದಟ್ಟ ಹೊಗೆ ಬಿಡುತ್ತದೆ.

ಅದಕ್ಕಿಂತ ಅಗ್ಗದ ದಾರಿ: ನೆರಳಲ್ಲಿ ನಿಲ್ಲಿಸಿ, ಮುಂದಿನ ಗಾಜಿಗೆ ಹೊರಗಿನಿಂದ ಹೊಳೆಯುವ ಹಾಳೆ ಹಾಕಿ. ಒಳಗಿನಿಂದ ಹಾಕಿದರೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ. ಸಂಜೆ ಎಲ್ಲ ಬಾಗಿಲು ತೆರೆದು ಅರ್ಧ ಗಂಟೆ ಬಿಡಿ. ರಾತ್ರಿಗೆ ಒಂದು ಚಿಕ್ಕ ಫ್ಯಾನ್. ಕಲಬುರಗಿಯ ಮೇ ತಿಂಗಳಲ್ಲಿ ಇಷ್ಟೂ ಸಾಲದು, ಆಗ ಲಾಡ್ಜೇ ಸರಿ. ಹಗಲಲ್ಲಿ ನಿಂತ ಗಾಡಿಯೊಳಗೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ "ಐದೇ ನಿಮಿಷ" ಎಂದೂ ಬಿಡಬೇಡಿ.

ನಂಬಿಕೆ 5: "ಛಾವಣಿಗೆ ಒಂದು ಸೋಲಾರ್ ಫಲಕ ಹಾಕಿದರೆ ಎಸಿ, ಇಂಡಕ್ಷನ್ ಎಲ್ಲ ಓಡುತ್ತದೆ"

ಇಲ್ಲಿ ಗುಣಾಕಾರ ಮಾಡಿದರೆ ಉತ್ತರ ಸಿಗುತ್ತದೆ. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿದರೆ ವ್ಯಾಟ್-ಅವರ್. 1,000 ವ್ಯಾಟ್-ಅವರ್ ಎಂದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್.

ಒಂದು ಸರಳ ರಾತ್ರಿಯ ಲೆಕ್ಕ ಹೀಗಿದೆ:

- 5 ವ್ಯಾಟಿನ ಎಲ್‌ಇಡಿ ದೀಪ, 4 ಗಂಟೆ: 20 ವ್ಯಾಟ್-ಅವರ್
- 15 ವ್ಯಾಟಿನ ಫ್ಯಾನ್, 8 ಗಂಟೆ: 120 ವ್ಯಾಟ್-ಅವರ್
- ಎರಡು ಫೋನ್ ಚಾರ್ಜ್: ಸುಮಾರು 30 ವ್ಯಾಟ್-ಅವರ್
- ಒಟ್ಟು: 170 ವ್ಯಾಟ್-ಅವರ್

ಇದಕ್ಕೆ 300 ವ್ಯಾಟ್-ಅವರ್ ಸಾಮರ್ಥ್ಯದ, ಕೈಯಲ್ಲಿ ಎತ್ತಿ ಒಯ್ಯಬಹುದಾದ ಪವರ್ ಸ್ಟೇಷನ್ ಧಾರಾಳವಾಗಿ ಸಾಕು. ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಹೊರಟರೆ ಆಯಿತು. ಗಾಡಿಯ ವೈರಿಂಗ್ ಮುಟ್ಟುವ ಅಗತ್ಯವೇ ಇಲ್ಲ.

ಗಾಡಿಯ ಸ್ವಂತ ಬ್ಯಾಟರಿಯಿಂದ ಓಡಿಸಿದರೆ? ಸಣ್ಣ ಗಾಡಿಗಳಲ್ಲಿ 35 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯ. 12 ವೋಲ್ಟಿನಿಂದ ಗುಣಿಸಿದರೆ 420 ವ್ಯಾಟ್-ಅವರ್. ಸಾಕಲ್ಲ ಅನ್ನಿಸಬಹುದು. ಆದರೆ ಅದು ಕೆಲವು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು ಎಂಜಿನ್ ಎಬ್ಬಿಸಲು ಮಾಡಿದ ಬ್ಯಾಟರಿ, ರಾತ್ರಿಯಿಡೀ ಬರಿದಾಗಲು ಅಲ್ಲ. ಬೆಳಿಗ್ಗೆ ಕಾಡಿನಂಚಿನಲ್ಲಿ ಗಾಡಿ ಸ್ಟಾರ್ಟ್ ಆಗದೆ ನಿಲ್ಲುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿ ತಂದಿಡುವುದೂ ಜಾಣತನವಲ್ಲ. 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ 50 ಕೆಜಿಗೂ ಹೆಚ್ಚು ತೂಗುತ್ತದೆ, ತಿರುವಿನಲ್ಲಿ ಆಸಿಡ್ ಚೆಲ್ಲಬಹುದು, ಚಾರ್ಜ್ ಆಗುವಾಗ ಉರಿಯುವ ಹೈಡ್ರೋಜನ್ ಬಿಡುತ್ತದೆ.

ಈಗ ಎಸಿಯ ವಿಷಯ. ಸರಾಸರಿ 500 ವ್ಯಾಟಿನ ಚಿಕ್ಕ ಎಸಿ 8 ಗಂಟೆಗೆ 4,000 ವ್ಯಾಟ್-ಅವರ್, ಅಂದರೆ 4 ಯೂನಿಟ್ ತಿನ್ನುತ್ತದೆ. 100 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನ ದಿನ ಕೊಡುವುದು 300ರಿಂದ 400 ವ್ಯಾಟ್-ಅವರ್. ಅಂದರೆ ಹತ್ತಕ್ಕೂ ಹೆಚ್ಚು ಫಲಕ ಬೇಕು. ಈಕೋದ ಛಾವಣಿ ಅಷ್ಟು ಹೊರುವಷ್ಟು ದೊಡ್ಡದಿಲ್ಲ. ಮಲೆನಾಡಿನ ಜುಲೈನಲ್ಲಂತೂ ಲೆಕ್ಕವೇ ಬೇಡ. ಇಂಡಕ್ಷನ್ ಒಲೆ 1,800 ವ್ಯಾಟ್ ಎಳೆದರೆ 12 ವೋಲ್ಟಿನಲ್ಲಿ ಅದು 150 ಆಂಪಿಯರ್. ಮನೆಯ 230 ವೋಲ್ಟಿಗೆ ಹೋಲಿಸಿದರೆ ಸುಮಾರು 19 ಪಟ್ಟು ಹೆಚ್ಚು ಕರೆಂಟ್. ತೆಳು ವೈರ್ ಕೆಂಪಗೆ ಕಾಯುತ್ತದೆ. ವ್ಯಾನಿನಲ್ಲಿ ವೈರ್ ಎಳೆಯಲೇಬೇಕಿದ್ದರೆ ಆಟೊ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ.

ಎಲ್ಲಿ ನಿಲ್ಲಿಸಬೇಕು?

ಹೆದ್ದಾರಿಯ ಅಂಚು ಮಲಗುವ ಜಾಗವಲ್ಲ. ನಿಂತ ವಾಹನಕ್ಕೆ ಹಿಂದಿನಿಂದ ಲಾರಿ ಗುದ್ದುವ ಸುದ್ದಿ ಎಲ್ಲರೂ ಓದಿರುತ್ತೀರಿ. ಕಾವಲು ಇರುವ ಪೆಟ್ರೋಲ್ ಬಂಕ್ ಆವರಣ, ಹೋಂಸ್ಟೇ ಅಂಗಳ, ಕ್ಯಾಂಪಿಂಗ್ ತಾಣ, ಕೇಳಿ ಒಪ್ಪಿಗೆ ಪಡೆದ ತೋಟ ಒಳ್ಳೆಯವು. ಅರಣ್ಯದೊಳಗೆ ರಾತ್ರಿ ನಿಲ್ಲಿಸಬೇಡಿ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೇ ನಿರ್ಬಂಧವಿದೆ. ಮಳೆಗಾಲದಲ್ಲಿ ಹೊಳೆಯ ದಂಡೆ, ಗುಡ್ಡ ಕಡಿದ ಅಂಚು, ಒಣಗಿದ ಮರದ ಕೆಳಗೆ ಬೇಡ. ಗಾಡಿಯ ಮುಖ ಹೊರಹೋಗುವ ದಾರಿಯ ಕಡೆಗಿರಲಿ, ಕೀಲಿ ಯಾವಾಗಲೂ ಒಂದೇ ಜಾಗದಲ್ಲಿರಲಿ, ಡ್ರೈವರ್ ಸೀಟಿಗೆ ಒಳಗಿನಿಂದಲೇ ಹೋಗುವಂತಿರಲಿ. ಎಲ್ಲಿದ್ದೀರಿ ಎಂಬ ಲೊಕೇಶನ್ ಅನ್ನು ಮನೆಯವರೊಬ್ಬರಿಗೆ ಕಳಿಸಿ.

ಮೊದಲ ರಾತ್ರಿಯ ಪರೀಕ್ಷೆ ನಿಮ್ಮ ಮನೆಯಂಗಳದಲ್ಲೇ ಆಗಲಿ. ಏನು ಮರೆತಿದೆ, ಎಲ್ಲಿ ಸೆಕೆ, ಎಲ್ಲಿ ಸೊಳ್ಳೆ ಎಂದು ಅಲ್ಲೇ ತಿಳಿಯುತ್ತದೆ.

ಗ್ರೂಪಿಗೆ ಕಳಿಸುವುದಾದರೆ ಇಷ್ಟನ್ನು ಕಳಿಸಿ

- ಸರಳ ಕ್ಯಾಂಪರಿಗೆ ಕಳಚಬಹುದಾದ ಹಾಸಿಗೆ ಸಾಕು. ಗಾಡಿ ಕತ್ತರಿಸಬೇಡಿ, ಸೀಟು ಶಾಶ್ವತವಾಗಿ ತೆಗೆಯುವ ಮೊದಲು ಆರ್‌ಟಿಒದಲ್ಲಿ ಕೇಳಿ.
- ಎಂಜಿನ್ ಅಥವಾ ಜನರೇಟರ್ ಚಾಲೂ ಇಟ್ಟು ಮಲಗಬೇಡಿ. ಕಿಟಕಿ ತೆರೆದಿದ್ದರೂ ಬೇಡ.
- ಎದುರುಬದುರಿನ ಎರಡು ಕಿಟಕಿ ಒಂದೆರಡು ಇಂಚು ತೆರೆದಿರಲಿ.
- ಒಲೆ, ಕೆಂಡ, ಸೊಳ್ಳೆ ಬತ್ತಿ ಮೂರೂ ಹೊರಗೆ.
- ಕಾರ್ಬನ್ ಮಾನಾಕ್ಸೈಡ್ ಅಲಾರಂ ಮತ್ತು ಅಗ್ನಿಶಾಮಕ, ಇವೆರಡನ್ನು ಫೋಮ್ ಹಾಸಿಗೆಗಿಂತ ಮೊದಲು ಕೊಳ್ಳಿ.
- ತಲೆನೋವು, ವಾಕರಿಕೆ ಬಂದರೆ ಮೊದಲು ಹೊರಗೆ ಬನ್ನಿ. ಆಕ್ಸಿಮೀಟರ್ ಅಂಕಿಯನ್ನು ನಂಬಿ ಕೂರಬೇಡಿ.
- ಓಡುವ ಗಾಡಿಯಲ್ಲಿ ಹಾಸಿಗೆಯ ಮೇಲೆ ಯಾರೂ ಮಲಗಬಾರದು. ಸಾಮಾನೆಲ್ಲ ಬೆಲ್ಟಿನಿಂದ ಬಿಗಿದಿರಲಿ.

ಚಂದದ ಕ್ಯಾಂಪರ್ ವಿಡಿಯೊವನ್ನು ಮುಂದಕ್ಕೆ ಕಳಿಸುವುದರಲ್ಲಿ ತಪ್ಪೇನಿಲ್ಲ. ಅದರ ಕೆಳಗೆ ಈ ಏಳು ಸಾಲುಗಳೂ ಇರಲಿ.